ಸೀಟಿ ಊದುವ ಮುನ್ನ

(ಶಾಲೆಯ ಸುವರ್ಣ ಮಹೋತ್ಸವದ ಹಳೆ ವಿದ್ಯಾರ್ಥಿಗಳ ಸಮಾವೇಶದಲ್ಲಿ ಮಾಡಿದ ಭಾಷಣ)



ಸಂಘಟಕರು ಫೋನ್ ಮಾಡಿದಾಗ, "ನೀನು ಸಾಫ್ಟ್‌ವೇರ್‌ನವ, ಕಂಪ್ಯೂಟರ್ ಬಗ್ಗೆ ಇಪ್ಪತ್ತು ನಿಮಿಷ ಮಾತಾಡು" ಅಂದಿದ್ದರು. ಹೂಂ ಅಂದಿದ್ದೆ. ಆದರೆ ವಿಷಯ ಬದಲಿಸಿದ್ದೇನೆ, ಕ್ಷಮಿಸಬೇಕು. ಇವತ್ತು ಬೆಳಿಗ್ಗೆ ಬಂದಾಗ ಮೈದಾನದಲ್ಲಿ ಸುಣ್ಣದ ಪುಡಿಯಿಂದ ಗೆರೆ ಹಾಕಿದ್ದು ಕಂಡಿತು. ತಾಲೂಕು ಕ್ರೀಡಾಕೂಟ ಹತ್ತಿರ ಬಂದಿದೆ ಅಂದರು. ಒಬ್ಬ ಹುಡುಗಿ ಬರಿಗಾಲಲ್ಲಿ ಸುತ್ತು ಹಾಕುತ್ತಿದ್ದಳು. ಆ ಗೆರೆ ಕಂಡ ಮೇಲೆ ಕಂಪ್ಯೂಟರ್ ಬಗ್ಗೆ ಮಾತಾಡುವ ಮನಸ್ಸಾಗಲಿಲ್ಲ. ಓಟಕ್ಕೆ ಮುಂಚೆ ಮಕ್ಕಳ ಮೈಯಲ್ಲಿ ಏನಾಗುತ್ತದೆ ಎಂಬುದರ ಬಗ್ಗೆ ಮಾತಾಡುತ್ತೇನೆ. ನಾನು ವೈದ್ಯನಲ್ಲ, ಬಿ.ಇ. ಓದಿದವನು. ತಪ್ಪು ಹೇಳಿದರೆ ನಮ್ಮ ವಿಜ್ಞಾನದ ಅಕ್ಕೋರು ಇಲ್ಲೇ ಕೂತಿದ್ದಾರೆ, ಹಿಂದಿನಂತೆಯೇ ಕಿವಿ ಹಿಂಡಲಿ.

ಇಪ್ಪತ್ತು ವರ್ಷಗಳ ಹಿಂದಿನ ಮಾತು. ನನ್ನ ತರಗತಿಯಲ್ಲಿ ಒಬ್ಬ ಹುಡುಗ ಇದ್ದ. ಹೆಸರು ಹೇಳುವುದಿಲ್ಲ. ಕಾಡಿನೊಳಗಿನ ಸಣ್ಣ ವಾಡೆಯಿಂದ ದಿನವೂ ನಡೆದು ಬರುತ್ತಿದ್ದ. ಸಿದ್ದಿ ಸಮುದಾಯದವನು. ನಮ್ಮ ಮೈದಾನದ ಒಂದು ಸುತ್ತು 200 ಮೀಟರ್. 800 ಮೀಟರ್ ಓಟದ ನಾಲ್ಕು ಸುತ್ತು ಮುಗಿಸಿ ಅವನು ಬೇವಿನ ಮರದ ಕೆಳಗೆ ಕೂತು ನೀರು ಕುಡಿಯುವಾಗ ನಾವಿನ್ನೂ ನಾಲ್ಕನೇ ಸುತ್ತಿನಲ್ಲಿ ಏದುಸಿರು ಬಿಡುತ್ತಿದ್ದೆವು. ವಲಯ ಮಟ್ಟದಲ್ಲಿ ಸುಲಭವಾಗಿ ಗೆದ್ದ. ತಾಲೂಕು ಮಟ್ಟಕ್ಕೆ ಹೋದೆವು. ಆಗ ದಾಂಡೇಲಿ ಬೇರೆ ತಾಲೂಕಾಗಿರಲಿಲ್ಲ, ಹಳಿಯಾಳದ್ದೇ ಭಾಗ. ಅಲ್ಲಿಯ ದೊಡ್ಡ ಶಾಲೆಗಳ ಹುಡುಗರು ಬೂಟು, ಬಣ್ಣದ ಟೀ ಶರ್ಟು ಹಾಕಿಕೊಂಡು ಬಂದಿದ್ದರು. ಮಳೆ ಬಿದ್ದು ಮೈದಾನವೆಲ್ಲ ರಾಡಿ.

ಓಟಕ್ಕೆ ಅರ್ಧ ಗಂಟೆ ಇರುವಾಗ ಅವನು ಕಾಣಲಿಲ್ಲ. ಹುಡುಕಿಕೊಂಡು ಹೋದರೆ ಶಾಲೆಯ ಹಿಂದೆ ಮೂತ್ರಕ್ಕೆ ಹೋಗಿದ್ದ. ಬಂದ, ಐದು ನಿಮಿಷಕ್ಕೆ ಮತ್ತೆ ಹೋದ. ಕೈ ಹಿಡಿದರೆ ತಣ್ಣಗಿತ್ತು, ಬೆವರಿತ್ತು. ತುಟಿ ಒಣಗಿತ್ತು. ಮೊಣಕಾಲು ನಡುಗುತ್ತಿದ್ದುದು ಎಲ್ಲರಿಗೂ ಕಾಣುತ್ತಿತ್ತು. ಆಗ ನಾನು, ಕ್ಲಾಸ್ ಮಾನಿಟರ್, ಎಲ್ಲರಿಗೂ ಕೇಳುವಂತೆ, "ಏ ಅಂಜುಬುರುಕ, ಓಡೂಕ್ ಬಂದೀಯೋ ಉಚ್ಚಿ ಹೊಯ್ಯಾಕ್ ಬಂದೀಯೋ?" ಅಂದೆ. ಎಲ್ಲರೂ ನಕ್ಕರು. ಜೊತೆಗಿದ್ದ ದೊಡ್ಡವರೊಬ್ಬರು, "ನಿನ್ನ ರಕ್ತದಾಗ ಓಟ ಐತಿ, ನೀ ಸೋತ್ರ ನಿಮ್ಮ ಜನಕ್ಕ ಅವಮಾನ" ಅಂದರು. ಅವರದು ಹುರಿದುಂಬಿಸುವ ಉದ್ದೇಶವೇ. ಸೀಟಿ ಊದಿದರು. ಮೊದಲ ಸುತ್ತನ್ನು ಅವನು 100 ಮೀಟರ್ ಓಟದಂತೆ ಓಡಿದ. ಎರಡನೇ ಸುತ್ತಿನಲ್ಲೂ ಮುಂದಿದ್ದ. ಮೂರನೇ ಸುತ್ತಿನ ತಿರುವಿನಲ್ಲಿ ನಿಂತ, ಬಗ್ಗಿದ, ವಾಂತಿ ಮಾಡಿಕೊಂಡ. ಬರೀ ಹುಳಿನೀರು. ಟೆಂಪೊದಲ್ಲಿ ಊರಿಗೆ ಬರುವವರೆಗೂ ಅವನನ್ನು ಅಂಜುಬುರುಕ ಅಂತಲೇ ಕರೆದೆವು. ಎಸ್ಸೆಸ್ಸೆಲ್ಸಿ ಮುಗಿಯುವವರೆಗೂ ಆ ಹೆಸರು ಹೋಗಲಿಲ್ಲ. ಅವನು ಮತ್ತೆ ಮೈದಾನಕ್ಕೆ ಇಳಿಯಲಿಲ್ಲ.

ಇದನ್ನು ನಾನು ಮರೆತಿದ್ದೆ. ಎರಡು ವರ್ಷದ ಹಿಂದೆ ನಮ್ಮ ಕಂಪನಿಯಲ್ಲಿ ಒಂದು ದೊಡ್ಡ ಪ್ರಾಜೆಕ್ಟನ್ನು ಗ್ರಾಹಕರ ಮುಂದೆ ನಾನು ತೋರಿಸಬೇಕಿತ್ತು. ಸುಮ್ಮನೆ ಕುರ್ಚಿಯಲ್ಲಿ ಕೂತಿದ್ದೇನೆ, ಕೈಯಲ್ಲಿರುವ ವಾಚು ಎದೆಬಡಿತ 120 ದಾಟಿದೆ ಅಂತ ತೋರಿಸುತ್ತಿದೆ. ಬಾಯಿ ಒಣಗಿದೆ. ಎರಡು ಸಲ ಬಾತ್‌ರೂಮಿಗೆ ಹೋದೆ. ಎರಡನೇ ಸಲ ಕೈ ತೊಳೆಯುವಾಗ ಅವನ ನೆನಪು ಬಂತು. ಅವನ ಮೈ ಅಂದು ಮಾಡಿದ್ದನ್ನೇ ನನ್ನ ಮೈ ಇಂದು ಮಾಡುತ್ತಿದೆ. ನನ್ನನ್ನು ಯಾರೂ ಅಂಜುಬುರುಕ ಅನ್ನಲಿಲ್ಲ, ಅಷ್ಟೇ ವ್ಯತ್ಯಾಸ. ಅಂದಿನಿಂದ ಈ ವಿಷಯ ಓದತೊಡಗಿದೆ.

ನಮ್ಮ ಎರಡೂ ಮೂತ್ರಪಿಂಡಗಳ ತಲೆಯ ಮೇಲೆ ಟೋಪಿ ಇಟ್ಟಂತೆ ಒಂದೊಂದು ಸಣ್ಣ ಗ್ರಂಥಿ ಇದೆ. ಅಡ್ರಿನಲ್ ಗ್ರಂಥಿ. ಅದರ ಒಳಭಾಗಕ್ಕೆ ನರದಿಂದ ನೇರ ಸಂಪರ್ಕ. ಮಿದುಳು ಏನೋ ದೊಡ್ಡದು ಬರುತ್ತಿದೆ ಎಂದುಕೊಂಡ ಕೆಲವೇ ಸೆಕೆಂಡಿನಲ್ಲಿ ಅಲ್ಲಿಂದ ಅಡ್ರಿನಲಿನ್ ರಕ್ತಕ್ಕೆ ಇಳಿಯುತ್ತದೆ. ಎದೆ ಜೋರಾಗಿ ಬಡಿಯುತ್ತದೆ, ಶ್ವಾಸನಾಳ ಅಗಲವಾಗುತ್ತದೆ, ಯಕೃತ್ತು ಕೂಡಿಟ್ಟ ಸಕ್ಕರೆಯನ್ನು ರಕ್ತಕ್ಕೆ ಬಿಡುತ್ತದೆ. ಹೊಟ್ಟೆಗೆ, ಚರ್ಮಕ್ಕೆ ಹೋಗುವ ರಕ್ತ ಕಡಿಮೆಯಾಗಿ ಸ್ನಾಯುಗಳ ಕಡೆ ತಿರುಗುತ್ತದೆ. ಅದಕ್ಕೇ ಕೈ ತಣ್ಣಗಾಗುವುದು, ಹೊಟ್ಟೆಯಲ್ಲಿ ಕಲಸಿದಂತಾಗುವುದು. ಜೊಲ್ಲು ಕಡಿಮೆಯಾಗಿ ಬಾಯಿ ಒಣಗುತ್ತದೆ. ಮೇಲಿಂದ ಮೇಲೆ ಮೂತ್ರಕ್ಕೆ ಹೋಗಬೇಕೆನಿಸುತ್ತದೆ. ಓಡಲು ಸಜ್ಜಾದ ಸ್ನಾಯು ಓಡದೆ ನಿಂತಿದ್ದರೆ ನಡುಗುತ್ತದೆ. ಗೇರ್ ಹಾಕದೆ ಆಕ್ಸಿಲರೇಟರ್ ಒತ್ತಿದ ಲಾರಿಯ ಹಾಗೆ. ನಾವು ಹೆದರಿಕೆಯ ಲಕ್ಷಣ ಎಂದು ನಕ್ಕಿದ್ದು ಮೈಯ ತಯಾರಿಗೆ.

ಜೋಯಿಡಾ ಕಡೆಯ ಮಕ್ಕಳಿಗೆ ಇದನ್ನು ವಿವರಿಸಿ ಹೇಳಬೇಕಿಲ್ಲ. ಶಾಲೆಗೆ ಬರುವ ದಾರಿಯಲ್ಲಿ ಕಾಡುಕೋಣ ಎದುರಾದರೆ ಯೋಚಿಸುವ ಮೊದಲೇ ಕಾಲು ಓಡಿರುತ್ತದೆ. ಅಲ್ಲಿ ಕೆಲಸ ಮಾಡುವುದು ಇದೇ ಅಡ್ರಿನಲಿನ್. ಇನ್ನೊಂದು ತಮಾಷೆ ನೋಡಿ. ದಾಂಡೇಲಿಯ ಕಾಳಿ ಹೊಳೆಗೆ ಬೆಂಗಳೂರಿನಿಂದ, ಗೋವಾದಿಂದ ಜನ ಬಂದು ದುಡ್ಡು ಕೊಟ್ಟು ರಬ್ಬರ್ ದೋಣಿ ಹತ್ತುತ್ತಾರೆ. ಸುಳಿಗೆ ಬಿದ್ದಾಗ ಎದೆ ಬಾಯಿಗೆ ಬರಬೇಕು ಅಂತಲೇ ಬರುತ್ತಾರೆ. ಅವರು ದುಡ್ಡು ಕೊಟ್ಟು ಕೊಳ್ಳುವ ನಡುಕ ನಮ್ಮ ಹುಡುಗನಿಗೆ ಓಟದ ಗೆರೆಯ ಮೇಲೆ ಪುಕ್ಕಟೆ ಸಿಕ್ಕಿತ್ತು. ಅವರದಕ್ಕೆ ಸಾಹಸ ಅಂತ ಹೆಸರು, ಅವನದಕ್ಕೆ ನಾನಿಟ್ಟ ಹೆಸರು ಬೇರೆ.

ಅಡ್ರಿನಲಿನ್ ಬಂದಷ್ಟೇ ಬೇಗ ಇಳಿಯುತ್ತದೆ. ಅದೇ ಗ್ರಂಥಿಯ ಹೊರಭಾಗದಿಂದ ಬರುವ ಇನ್ನೊಂದು ಹಾರ್ಮೋನ್ ಇದೆ, ಕಾರ್ಟಿಸೋಲ್. ಅದರ ದಾರಿ ಉದ್ದ. ಮಿದುಳಿನ ಹೈಪೋಥಲಾಮಸ್ ಪಿಟ್ಯುಟರಿಗೆ ಹೇಳಬೇಕು, ಪಿಟ್ಯುಟರಿ ಅಡ್ರಿನಲ್ ಗ್ರಂಥಿಗೆ ಹೇಳಬೇಕು. ಸರ್ಕಾರಿ ಕಡತದ ಹಾಗೆ. ಒತ್ತಡ ಶುರುವಾದ 20-30 ನಿಮಿಷಕ್ಕೆ ಅದು ಮೇಲಿನ ಮಟ್ಟ ಮುಟ್ಟುತ್ತದೆ, ಇಳಿಯಲು ಇನ್ನೂ ಹೊತ್ತು ಬೇಕು. ಅದನ್ನು ಅಳೆಯಲು ಸೂಜಿ ಚುಚ್ಚಬೇಕಾಗಿಲ್ಲ, ಜೊಲ್ಲಿನಲ್ಲೇ ಸಿಗುತ್ತದೆ. ಅದರಿಂದಾಗಿ ಕ್ರೀಡಾಪಟುಗಳ ಮೇಲೆ ಮೈದಾನದಲ್ಲೇ ಸಾಕಷ್ಟು ಅಧ್ಯಯನಗಳಾಗಿವೆ. ಸ್ಪರ್ಧೆ ಶುರುವಾಗುವ ಮೊದಲೇ, ಬರೀ ಕಾಯುತ್ತಿರುವಾಗಲೇ ಕಾರ್ಟಿಸೋಲ್ ಏರುವುದು ಅವುಗಳಲ್ಲಿ ಮತ್ತೆ ಮತ್ತೆ ಕಂಡಿದೆ. ಅದು ವಿಷವೇನಲ್ಲ. ಬೆಳಿಗ್ಗೆ ಎದ್ದ ಸ್ವಲ್ಪ ಹೊತ್ತಿಗೆ ಎಲ್ಲರಲ್ಲೂ ಅದು ದಿನದ ಮೇಲಿನ ಮಟ್ಟದಲ್ಲಿರುತ್ತದೆ, ಇಲ್ಲದಿದ್ದರೆ ನಾವು ಹಾಸಿಗೆಯಿಂದ ಏಳುವುದೇ ಕಷ್ಟ.

ನಮ್ಮದು ಹಳಿಯಾಳದ ಸೀಮೆ, ಕುಸ್ತಿಯ ಸೀಮೆ. ಕುಸ್ತಿಯವರಿಗೆ ಒಂದು ವಿಷಯ ಹೇಳಲೇಬೇಕು. 1981ರಲ್ಲಿ ಎಲಿಯಾಸ್ ಎಂಬ ಸಂಶೋಧಕರು ಕುಸ್ತಿಪಟುಗಳ ರಕ್ತ ಪರೀಕ್ಷಿಸಿ ಒಂದು ಪ್ರಬಂಧ ಪ್ರಕಟಿಸಿದರು. ಸೆಣಸಿದಾಗ ಕಾರ್ಟಿಸೋಲ್ ಕೂಡ ಏರಿತ್ತು, ಟೆಸ್ಟೋಸ್ಟಿರೋನ್ ಕೂಡ ಏರಿತ್ತು. ಯಾರಲ್ಲಿ ಹೆಚ್ಚು ಏರಿತ್ತು? ಗೆದ್ದವರಲ್ಲಿ. ಅಂದರೆ ಒತ್ತಡದ ಹಾರ್ಮೋನ್ ಹೆಚ್ಚಿದ್ದವನು ಸೋಲುತ್ತಾನೆ ಎಂಬ ನಿಯಮವಿಲ್ಲ. ಇದನ್ನು ಕೇಳಿ ಯಾರಾದರೂ ಟೆಸ್ಟೋಸ್ಟಿರೋನ್ ಇಂಜೆಕ್ಷನ್ನಿನ ಯೋಚನೆ ಮಾಡಿದರೆ, ದಯವಿಟ್ಟು ಬೇಡ. ಬೆಳೆಯುವ ವಯಸ್ಸಿನಲ್ಲಿ ಹೊರಗಿನಿಂದ ಕೊಟ್ಟರೆ ಮೈ ತಾನೇ ತಯಾರಿಸುವುದನ್ನು ನಿಲ್ಲಿಸುತ್ತದೆ, ಎಲುಬಿನ ಬೆಳವಣಿಗೆಯೂ ಬೇಗ ನಿಂತುಬಿಡಬಹುದು. ಇನ್ನೊಂದು ಮಾತು. 17 ವರ್ಷದೊಳಗಿನವರ ವಿಭಾಗದಲ್ಲಿ ಒಬ್ಬನಿಗೆ ಮೀಸೆ ಬಂದಿರುತ್ತದೆ, ಇನ್ನೊಬ್ಬನ ದನಿ ಕೂಡ ಒಡೆದಿರುವುದಿಲ್ಲ. ಇಬ್ಬರಿಗೂ ಒಂದೇ ಗೆರೆ, ಒಂದೇ ಸೀಟಿ. ಸೋತವನ ಧೈರ್ಯವನ್ನು ಆ ದಿನ ಅಳೆಯಲು ಹೋಗಬಾರದು.

ಹಾಗಾದರೆ ನಡುಕ ಒಳ್ಳೆಯದೇ, ನನ್ನ ಗೆಳೆಯ ಯಾಕೆ ಬಿದ್ದ? ಅಮೆರಿಕದ ರೈನರ್ ಮಾರ್ಟೆನ್ಸ್ ಮತ್ತು ಸಂಗಡಿಗರು 1990ರಲ್ಲಿ ಪ್ರಕಟಿಸಿದ ಒಂದು ಪುಸ್ತಕದಲ್ಲಿ ಸ್ಪರ್ಧೆಯ ಆತಂಕವನ್ನು ಎರಡಾಗಿ ಬಿಡಿಸಿದರು. ಒಂದು ಮೈಯದು, ಇನ್ನೊಂದು ಮನಸ್ಸಿನದು. ಮೈಯ ಆತಂಕ ಸ್ಪರ್ಧೆ ಹತ್ತಿರವಾದಂತೆ ಏರಿ, ಸೀಟಿ ಊದಿದೊಡನೆ ಇಳಿಯುತ್ತದೆ. ಮನಸ್ಸಿನದು ಹಾಗಲ್ಲ. ‘ಸೋತರೆ ಏನಂದಾರು’ ಎಂಬುದು ವಾರದ ಮೊದಲೇ ಬಂದು ಕೂರಬಹುದು, ಓಟದ ನಡುವೆಯೂ ಮಾತಾಡುತ್ತಿರಬಹುದು. ಆಟವನ್ನು ಕೆಡಿಸುವುದು ಹೆಚ್ಚಾಗಿ ಈ ಎರಡನೆಯದು.

ಅದು ಎಲ್ಲಿಂದ ಬರುತ್ತದೆ? ನನ್ನನ್ನು ತಟ್ಟಿದ್ದು 2004ರ ಒಂದು ಅಧ್ಯಯನ. ಸ್ಯಾಲಿ ಡಿಕರ್ಸನ್ ಮತ್ತು ಮಾರ್ಗರೆಟ್ ಕೆಮೆನಿ ಎಂಬ ಇಬ್ಬರು ಮಹಿಳೆಯರು ಒತ್ತಡ ಮತ್ತು ಕಾರ್ಟಿಸೋಲ್ ಕುರಿತ 208 ಪ್ರಯೋಗಗಳನ್ನು ಒಟ್ಟಿಗೆ ಇಟ್ಟು ನೋಡಿದರು. ಯಾವ ಒತ್ತಡಕ್ಕೆ ಕಾರ್ಟಿಸೋಲ್ ಅತಿ ಹೆಚ್ಚು ಏರುತ್ತದೆ, ಅತಿ ನಿಧಾನವಾಗಿ ಇಳಿಯುತ್ತದೆ? ಕಷ್ಟದ ಕೆಲಸಕ್ಕಲ್ಲ. ಫಲಿತಾಂಶ ತನ್ನ ಕೈಯಲ್ಲಿಲ್ಲ, ಅದರ ಜೊತೆಗೆ ನಾಲ್ಕು ಜನ ನಿಂತು ತನ್ನನ್ನು ತೂಗುತ್ತಿದ್ದಾರೆ, ಈ ಎರಡೂ ಸೇರಿದಾಗ. ಹದಿನಾಲ್ಕು ಹದಿನೈದರ ವಯಸ್ಸಿನಲ್ಲಿ ಓರಗೆಯವರ ಕಣ್ಣು ಎಷ್ಟು ಚುಚ್ಚುತ್ತದೆ ಎಂಬುದು ಇಲ್ಲಿರುವ ಎಲ್ಲರಿಗೂ ನೆನಪಿರಬೇಕು. ಇದನ್ನು ಓದಿದ ರಾತ್ರಿ ನನಗೆ ನಿದ್ದೆ ಹತ್ತಲಿಲ್ಲ. ಗೆರೆಯ ಮೇಲಿದ್ದ ಹುಡುಗನ ಮೈಯಲ್ಲಿದ್ದ ನಡುಕ ಅವನದು. ಹೆದರಿಕೆ ತಂದಿದ್ದು ಗೆರೆಯ ಪಕ್ಕ ನಿಂತಿದ್ದ ನಾವು.

‘ನಿನ್ನ ರಕ್ತದಲ್ಲಿ ಓಟ ಇದೆ’ ಎಂಬ ಮಾತಿನ ಬಗ್ಗೆಯೂ ಹೇಳಬೇಕು. ಅದಕ್ಕೆ ಒಂದು ಇತಿಹಾಸವಿದೆ. 1987ರಲ್ಲಿ ಭಾರತೀಯ ಕ್ರೀಡಾ ಪ್ರಾಧಿಕಾರದ ವಿಶೇಷ ಪ್ರದೇಶ ಕ್ರೀಡಾ ಯೋಜನೆಯಲ್ಲಿ ನಮ್ಮ ಜಿಲ್ಲೆಯ ಸಿದ್ದಿ ಮಕ್ಕಳನ್ನು ಆರಿಸಿದರು. ಕೇಂದ್ರದಲ್ಲಿ ಕ್ರೀಡಾ ಖಾತೆಯಲ್ಲಿದ್ದವರು ಮಾರ್ಗರೇಟ್ ಆಳ್ವಾ. ಇವರ ಹಿರಿಯರು ಆಫ್ರಿಕಾದವರು, ಓಟ ಇವರಿಗೆ ಹುಟ್ಟಿನಿಂದಲೇ ಬಂದಿರುತ್ತದೆ ಎಂಬುದು ಯೋಜನೆಯ ಹಿಂದಿನ ನಂಬಿಕೆ. ಕಮಲಾ ಬಾಬು ಸಿದ್ದಿ, ಫಿಲಿಪ್ ಆಂಥೋನಿ ಸಿದ್ದಿ, ಜೂಜೆ ಜಾಕಿ ಹರ್ನೋಡ್ಕರ್ ಅಂಥವರು ಆ ಯೋಜನೆಯಿಂದ ಬೆಳಕಿಗೆ ಬಂದರು. ನಮ್ಮ ಜಿಲ್ಲೆಗೇ ಹೆಮ್ಮೆ. ಆದರೆ ಕೆಲವೇ ವರ್ಷಗಳಲ್ಲಿ ಯೋಜನೆ ನಿಂತಿತು, ಎಷ್ಟೋ ಮಕ್ಕಳು ವಾಪಸು ಬಂದು ಗದ್ದೆಗೆ ಇಳಿದರು. ಯೋಜನೆ ನಿಂತರೂ ಆ ಮಾತು ಮಾತ್ರ ನಿಲ್ಲಲಿಲ್ಲ. ಕೇಳಲು ಹೊಗಳಿಕೆಯಂತಿದೆ. ಗೆದ್ದರೆ ಅದು ರಕ್ತದ್ದು, ಅವನ ಬೆಳಗಿನ ಓಟಕ್ಕೆ ಬೆಲೆಯಿಲ್ಲ. ಸೋತರೆ ತಪ್ಪು ಮಾತ್ರ ಅವನದು. ಇಷ್ಟು ಭಾರ ಹೊತ್ತು 800 ಮೀಟರ್ ಓಡಲು ಹೇಳಿದರೆ ಯಾರ ಕಾರ್ಟಿಸೋಲ್ ಏರುವುದಿಲ್ಲ?

ಕಳೆದ ಮೇ ತಿಂಗಳಲ್ಲಿ ಅವನ ಮನೆಗೆ ಹೋದೆ. ಅಂಗಳದಲ್ಲಿ ಕೂತು ಕ್ಷಮೆ ಕೇಳಿದೆ. ಅವನು ನಕ್ಕ. "ಅದು ಹೋಗ್ಲಿ ಬಿಡೋ. ಅವತ್ತು ಹೊಟ್ಟಿಯೊಳಗ ಏನೂ ಇರ್ಲಿಲ್ಲ. ಹಿಂದಿನ ದಿನ ಮಧ್ಯಾಹ್ನ ಉಂಡದ್ದಷ್ಟ. ನಸುಕಿನಾಗ ಎದ್ದು ಟೆಂಪೊಕ್ಕ ನಡಕೊಂತ ಬಂದಿದ್ನಿ. ಯಾರೂ ಕೇಳ್ಲಿಲ್ಲ, ನಾನೂ ಹೇಳ್ಲಿಲ್ಲ" ಅಂದ. ನಾನು ಎರಡು ವರ್ಷ ಓದಿದ್ದರಲ್ಲಿ ಇದು ಹೊಳೆದಿರಲಿಲ್ಲ. ಹೊಟ್ಟೆ ಖಾಲಿಯಾಗಿ ರಕ್ತದ ಸಕ್ಕರೆ ತೀರ ಇಳಿದಾಗ ಅದನ್ನು ಏರಿಸಲು ಮೈ ಬಿಡುವುದೂ ಇದೇ ಅಡ್ರಿನಲಿನ್, ಇದೇ ಕಾರ್ಟಿಸೋಲ್. ಹಸಿವಿನ ನಡುಕವೂ ಸ್ಪರ್ಧೆಯ ನಡುಕವೂ ಹೊರಗಿನಿಂದ ನೋಡುವವರಿಗೆ ಒಂದೇ. ಅವನಲ್ಲಿ ಅಂದು ಎರಡೂ ಕೂಡಿದ್ದವು.

ಶಿಕ್ಷಕರು ಇದ್ದೀರಿ, ಮಕ್ಕಳು ಇದ್ದೀರಿ, ನಾನು ತಿಳಿದುಕೊಂಡ ನಾಲ್ಕು ಮಾತು ಹೇಳುತ್ತೇನೆ. ಗೆರೆಯ ಮೇಲಿರುವ ಮಗುವಿಗೆ "ಹೆದರಬೇಡ, ಸಮಾಧಾನ ಮಾಡ್ಕೋ" ಅಂದರೆ ಬಹಳ ಪ್ರಯೋಜನವಿಲ್ಲ. ಜೋರಾಗಿ ಬಡಿಯುವ ಎದೆಗೆ ಸುಮ್ಮನಿರು ಅಂದರೆ ಸುಮ್ಮನಿರುವುದಿಲ್ಲ. ಹಾರ್ವರ್ಡಿನ ಆಲಿಸನ್ ವುಡ್ ಬ್ರೂಕ್ಸ್ 2014ರಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲಿ, ಹಾಡುವ ಮೊದಲು, ಭಾಷಣದ ಮೊದಲು, ಗಣಿತ ಪರೀಕ್ಷೆಯ ಮೊದಲು ತಮ್ಮ ತಳಮಳವನ್ನೇ ಹುರುಪು ಎಂದು ಹೇಳಿಕೊಂಡವರು ಸಮಾಧಾನ ಮಾಡಿಕೊಳ್ಳಲು ಹೊರಟವರಿಗಿಂತ ಚೆನ್ನಾಗಿ ಮಾಡಿದರು. ನಮ್ಮ ಭಾಷೆಯಲ್ಲಿ, "ಮೈ ತಯಾರಾಗೇತಿ ನೋಡು" ಅಂದರೆ ಸಾಕು. ಅದು ಸುಳ್ಳು ಸಮಾಧಾನವಲ್ಲ, ಇದ್ದದ್ದೇ ಇದ್ದ ಹಾಗೆ.

ಎಲ್ಲ ಆಟಕ್ಕೂ ಇದೇ ಮಾತು ಹೊಂದುವುದಿಲ್ಲ. ಕುಸ್ತಿಗೆ ಬೇಕಾದ ಬಿಸಿ ಬಿಲ್ಲುಗಾರಿಕೆಗೆ, ಶೂಟಿಂಗ್‌ಗೆ ಆಗದು. ಎದೆಬಡಿತ ಇಳಿಸಿ ಕೈನಡುಕ ತಗ್ಗಿಸುವ ಬೀಟಾ ಬ್ಲಾಕರ್ ಮಾತ್ರೆಯನ್ನು ಆ ಎರಡು ಆಟಗಳಲ್ಲಿ ನಿಷೇಧಿಸಿದ್ದಾರೆ ಅಂದರೆ ಅಂದಾಜು ಮಾಡಿ. ಯೂರಿ ಹಾನಿನ್ ಎಂಬ ಮನಶ್ಶಾಸ್ತ್ರಜ್ಞ ಹೇಳಿದ ಪ್ರಕಾರ ಒಬ್ಬೊಬ್ಬ ಆಟಗಾರನಿಗೂ ಅವನದೇ ಹದವಿದೆ. ಒಬ್ಬನಿಗೆ ಕೂಗಾಟ ಬೇಕು, ಇನ್ನೊಬ್ಬಳಿಗೆ ಮೂಲೆಯಲ್ಲಿ ಒಂಟಿಯಾಗಿ ಕೂರಬೇಕು. ಆ ಹದ ಯಾವುದು ಎಂದು ಮಗುವನ್ನೇ ಕೇಳಬೇಕು. ತೀರ ಹೆಚ್ಚಾಯಿತೆನಿಸಿದರೆ ಉಸಿರನ್ನು ನಿಧಾನವಾಗಿ, ಒಳಗೆ ಎಳೆದದ್ದಕ್ಕಿಂತ ಹೆಚ್ಚು ಹೊತ್ತು ಹೊರಗೆ ಬಿಡಬೇಕು. ಹಾಗೆ ಬಿಟ್ಟಾಗ ಎದೆಬಡಿತ ಇಳಿಯುತ್ತದೆ, ಇದನ್ನು ನನ್ನ ವಾಚಿನಲ್ಲೇ ನೋಡಿದ್ದೇನೆ. 800 ಮೀಟರಿನವರು ಮೊದಲ ಸುತ್ತನ್ನು ಬೇಕೆಂತಲೇ ಸ್ವಲ್ಪ ಹಿಡಿದು ಓಡಬೇಕು, ಆ ಹೊತ್ತಿನಲ್ಲಿ ಅಡ್ರಿನಲಿನ್ ದಣಿವನ್ನು ಮುಚ್ಚಿಟ್ಟಿರುತ್ತದೆ.

ಮತ್ತು ಶೌಚಾಲಯ. ಹುಡುಗರು ಶಾಲೆಯ ಹಿಂದೆ ಹೋಗುತ್ತಾರೆ, ಹುಡುಗಿಯರು ಎಲ್ಲಿಗೆ ಹೋಗಬೇಕು? ಹೋಗಬೇಕಾದೀತು ಎಂದು ನೀರು ಕುಡಿಯದೆ ಓಡಿದ ನನ್ನ ತಂಗಿಯೇ ಇಲ್ಲಿ ಕೂತಿದ್ದಾಳೆ. ಕ್ರೀಡಾಕೂಟ ನಡೆಸುವವರು ಪೆಂಡಾಲು, ಮೈಕಿಗಿಂತ ಮೊದಲು ಇದನ್ನು ನೋಡಬೇಕು.

ವಾರಗಟ್ಟಲೆ ನಿದ್ದೆ ಬಾರದ, ಊಟ ಬಿಟ್ಟ, ಆಟದ ಹೆಸರೆತ್ತಿದರೆ ಅಳುವ ಮಗುವಿನದು ಸೀಟಿಯ ಮುಂಚಿನ ನಡುಕವಲ್ಲ. ಅಂಥ ಮಗುವನ್ನು ವೈದ್ಯರಿಗೆ ತೋರಿಸಬೇಕು. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಉಚಿತವಾಗಿ ಫೋನ್ ಮಾಡಬಹುದು, ಕನ್ನಡದಲ್ಲೇ ಮಾತಾಡಬಹುದು. ಅದು ಹುಚ್ಚರ ನಂಬರು ಎಂದು ಯಾರಾದರೂ ನಕ್ಕರೆ, ನಾನು ಮಾಡಿದ ತಪ್ಪನ್ನೇ ಅವರೂ ಮಾಡುತ್ತಿದ್ದಾರೆ.

ಬೆಳಿಗ್ಗೆ ಸುತ್ತು ಹಾಕುತ್ತಿದ್ದ ಹುಡುಗಿಯ ವಿಷಯ ಹೇಳಿದೆನಲ್ಲ, ಅವಳು ನನ್ನ ಆ ಗೆಳೆಯನ ಮಗಳು. ಎಂಟನೇ ತರಗತಿ. 800 ಮೀಟರಿಗೆ ಹೆಸರು ಕೊಟ್ಟಿದ್ದಾಳಂತೆ. ಈ ಕಥೆ ಹೇಳಲು ಅವನ ಒಪ್ಪಿಗೆ ಪಡೆದೇ ಬಂದಿದ್ದೇನೆ. ಅವನೂ ಇಲ್ಲೇ ಇದ್ದಾನೆ, ಎಲ್ಲಿ ಅಂತ ತೋರಿಸುವುದಿಲ್ಲ. ಮಗಳಿಗೆ ಏನು ಹೇಳಿದೆ ಎಂದು ಕೇಳಿದೆ. "ಉಂಡು ಹೋಗು ಅಂದೀನಿ" ಅಂದ.

ನಮ್ಮ ಬ್ಯಾಚಿನವರು ನಿನ್ನೆ ರಾತ್ರಿ ಕೂತು ಒಂದು ತೀರ್ಮಾನ ಮಾಡಿದ್ದೇವೆ. ಈ ವರ್ಷದಿಂದ ವಲಯ, ತಾಲೂಕು, ಶಿರಸಿ ಶೈಕ್ಷಣಿಕ ಜಿಲ್ಲಾ ಕ್ರೀಡಾಕೂಟ ಯಾವುದೇ ಇರಲಿ, ನಮ್ಮ ಶಾಲೆಯಿಂದ ಹೋಗುವ ಪ್ರತಿ ಮಗುವಿಗೂ ಹಿಂದಿನ ರಾತ್ರಿಯ ಊಟ, ಓಟಕ್ಕೆ ಎರಡು ಮೂರು ಗಂಟೆ ಮೊದಲು ಅವಲಕ್ಕಿ, ಬಾಳೆಹಣ್ಣು ನಮ್ಮ ಜವಾಬ್ದಾರಿ. ದೂರದ ವಾಡೆಗಳ ಮಕ್ಕಳು ಹಿಂದಿನ ದಿನವೇ ಬಂದು ಊರಲ್ಲಿ ಉಳಿಯಲು ಮೂರು ಮನೆಯವರು ಒಪ್ಪಿದ್ದಾರೆ. ಇನ್ನೂ ಎರಡು ಮನೆ ಬೇಕು. ಕೊಡುವವರು ಊಟದ ಹೊತ್ತಿನಲ್ಲಿ ಪಿ.ಟಿ. ಸರ್ ಹತ್ತಿರ ಹೆಸರು ಬರೆಸಿ.